ಬೇವಿನ ಬುಡಕ್ಕೆ ಕೊಡಲಿ ಬೇಡ

ಭರಮಸಾಗರದಂಥ ಊರಿನಲ್ಲಿ ಬೀದಿಬದಿಯ ವ್ಯಾಪಾರಿಗೂ ಬಸ್ಸಿಗೆ ಕಾಯುವ ಕೂಲಿಕಾರನಿಗೂ ಬೇವಿನ ನೆರಳೇ ಚಾವಣಿ. ಅದು ಹೋದರೆ ನಷ್ಟ ಬಡವನದೇ.

ಬೇಸಗೆಗೆ ಮುನ್ನ ಬೇವು ಎಲೆ ಉದುರಿಸುವುದು ಸಹಜ. ಆದರೆ ಮಳೆಗಾಲದಲ್ಲಿ ರೆಂಬೆಗಳ ತುದಿ ಸುಟ್ಟಂತೆ ಕಂದಾಗಿ ಒಣಗಿದರೆ ಅದು ರೋಗ. ಫೋಮಾಪ್ಸಿಸ್ ಎಂಬ ಶಿಲೀಂಧ್ರವೇ ಅದಕ್ಕೆ ಕಾರಣ, ದೇವಿಯ ಮುನಿಸಲ್ಲ. 2021ರಲ್ಲಿ ತೆಲಂಗಾಣದಲ್ಲಿಯೂ ಕರ್ನಾಟಕದ ಹಲವೆಡೆಯೂ ಇದು ಕಾಣಿಸಿಕೊಂಡಿತ್ತು. ತುದಿ ಒಣಗಿದ ಮಾತ್ರಕ್ಕೆ ಮರ ಸತ್ತಿತೆಂದು ಕಡಿಯಬಾರದು. ಅದು ಮತ್ತೆ ಚಿಗುರಬಲ್ಲದು.

ಒಣಗಿದ ತುದಿಗಳನ್ನು ಹಸಿ ಭಾಗದವರೆಗೆ ಕತ್ತರಿಸಿ ಸುಡಬೇಕು. ಎಳೆಯ ಗಿಡಗಳಿಗೆ ಕೃಷಿ ಇಲಾಖೆಯವರ ಸಲಹೆಯಂತೆ ಕಾರ್ಬೆಂಡಜಿಂ ಸಿಂಪಡಿಸಬಹುದು. ದೊಡ್ಡ ಮರಗಳಿಗೆ ಏಣಿ, ಆಳು ಒದಗಿಸುವುದು ಪಂಚಾಯಿತಿಯ ಹೊಣೆ. ಕಂದಾಯ ವಸೂಲು ಮಾಡುವ ಕೈ ನೆರಳು ಕಾಯಲಿಕ್ಕೂ ಮುಂದೆ ಬರಲಿ. ನಾವು ಕೇಳುವುದು ಭಿಕ್ಷೆಯಲ್ಲ, ಹಕ್ಕು.