ರಸ್ತೆಯ ಶಿಸ್ತೂ ಸೀಮೆಯ ನಿಂದೆಯೂ

ಅಡ್ಡಾದಿಡ್ಡಿಯಾಗಿ ಬಂದ ಮೋಟಾರೊಂದು ನಮ್ಮ ಮುಂದೆ ನುಗ್ಗಿದೊಡನೆ ನಮ್ಮ ದೃಷ್ಟಿ ಮೊದಲು ಹೋಗುವುದು ಅದರ ಸಂಖ್ಯಾಫಲಕದ ಮೇಲೆ. ಅಲ್ಲಿರುವ ಮೊದಲೆರಡು ಅಕ್ಷರಗಳು ನಮ್ಮ ಸೀಮೆಯವಲ್ಲವೆಂದು ಕಂಡರೆ ವಿಚಾರಣೆ ಅಲ್ಲಿಗೇ ಮುಗಿಯಿತು. ಅಪರಾಧವೂ ಸಿದ್ಧವಾಯಿತು, ಅಪರಾಧಿಯ ಕುಲಗೋತ್ರವೂ ಗೊತ್ತಾಯಿತು. ಬೆಳಗಾವಿಯಲ್ಲಿ ಮಹಾರಾಷ್ಟ್ರದ ವಾಹನಗಳಿಗೆ ಬೈಗುಳ; ಮಂಗಳೂರಿನಲ್ಲಿ ಕೇರಳದವಕ್ಕೆ; ಅತ್ತಿಬೆಲೆಯ ಹಾದಿಯಲ್ಲಿ ತಮಿಳುನಾಡಿನವಕ್ಕೆ. ಗಡಿಯನ್ನು ದಾಟಿ ಆಚೆಗೆ ಹೋದರೆ ಅದೇ ಬೈಗುಳ ನಮ್ಮ ಅಕ್ಷರಗಳಿಗೆ ಕಾದಿರುತ್ತದೆ. ನಾಡಿನ ಒಳಗೂ ಈ ಭೇದ ತಪ್ಪಿಲ್ಲ. ಹುಬ್ಬಳ್ಳಿಯವರ ಮಾತಿನಲ್ಲಿ ಬೆಂಗಳೂರಿನವರು ತಾಳ್ಮೆಯಿಲ್ಲದವರು. ಬೆಂಗಳೂರಿನವರ ಮಾತಿನಲ್ಲಿ ಹೊರಗಿನಿಂದ ಬಂದವರೆಲ್ಲರೂ ರಸ್ತೆಯನ್ನರಿಯದವರು. ತನ್ನ ಸೀಮೆಯನ್ನು ಬಿಟ್ಟು ಮಿಕ್ಕ ಸೀಮೆಗಳೆಲ್ಲವೂ ಕೆಟ್ಟವೆಂದು ಪ್ರತಿಯೊಬ್ಬನೂ ಸಾಕ್ಷಿ ಹೇಳುವ ಮೊಕದ್ದಮೆಯಲ್ಲಿ ಯಾವ ನ್ಯಾಯಾಧಿಪತಿ ತಾನೆ ತೀರ್ಪು ಕೊಡಬಲ್ಲನು?

ಇದು ಬರಿಯ ಹರಟೆಯಾಗಿದ್ದರೆ ನಾವು ಈ ಅಂಕಣವನ್ನು ಅದಕ್ಕೆ ಮೀಸಲಿಡುತ್ತಿರಲಿಲ್ಲ. ಆದರೆ ಈ ಹರಟೆಯ ಹಿಂದೆ ಹೆಣಗಳ ರಾಶಿಯಿದೆ. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಇಲಾಖೆಯವರು ಪ್ರಕಟಿಸಿದ ವರದಿಯ ಪ್ರಕಾರ 2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳ ಮೇಲೆ 4,61,312 ಅಪಘಾತಗಳು ನಡೆದು 1,68,491 ಜನರು ಮೃತರಾದರು. ದಿನವೊಂದಕ್ಕೆ ಲೆಕ್ಕ ಹಾಕಿದರೆ 460ಕ್ಕೂ ಮೇಲಾಯಿತು. ಯುದ್ಧದಲ್ಲಿ ಇಷ್ಟು ಜನ ಬಿದ್ದರೆ ದೇಶವೇ ಶೋಕಾಚರಣೆ ಮಾಡುತ್ತಿತ್ತು. ರಸ್ತೆಯಲ್ಲಿ ಬಿದ್ದವರಿಗೆ ಪತ್ರಿಕೆಯ ಒಳಪುಟದ ನಾಲ್ಕು ಸಾಲು. ಸತ್ತವರಲ್ಲಿ 74,897 ಮಂದಿ ದ್ವಿಚಕ್ರವಾಹನಗಳಲ್ಲಿದ್ದವರು, 32,825 ಮಂದಿ ಕಾಲ್ನಡಿಗೆಯವರು. ಎಂದರೆ ಮೂವರಲ್ಲಿ ಸುಮಾರು ಇಬ್ಬರು, ಮೈಯನ್ನು ಕಾಯುವ ತಗಡಿನ ಗೂಡೂ ಇಲ್ಲದ ಸಾಮಾನ್ಯರು. ಇಂಥ ಅನರ್ಥಕ್ಕೆ ಕಾರಣವನ್ನು ಹುಡುಕುವಾಗ ನೆರೆಯವನ ಸೀಮೆಯನ್ನು ತೋರಿಸಿ ಕೈ ತೊಳೆದುಕೊಳ್ಳುವುದು ಬುದ್ಧಿಗೂ ಧರ್ಮಕ್ಕೂ ಒಪ್ಪತಕ್ಕುದಲ್ಲ.

ಸೀಮೆಗಳನ್ನು ಹೋಲಿಸಲೇಬೇಕೆನ್ನುವವರು ಅದೇ ವರದಿಯ ಅಂಕಿಗಳನ್ನು ನೋಡಲಿ. ಅದೇ ವರ್ಷ ಕೇರಳದಲ್ಲಿ 43,910 ಅಪಘಾತಗಳಾದವು. ಉತ್ತರ ಪ್ರದೇಶದಲ್ಲಿ ಅದಕ್ಕಿಂತ ಕಡಿಮೆ, 41,746. ಆದರೆ ಕೇರಳದಲ್ಲಿ ಸತ್ತವರು 4,317 ಜನ. ಉತ್ತರ ಪ್ರದೇಶದಲ್ಲಿ 22,595 ಜನ. ನಮ್ಮ ಕರ್ನಾಟಕದಲ್ಲಿ 39,762 ಅಪಘಾತಗಳಿಗೆ 11,702 ಸಾವುಗಳು. ಈಗ ಕೆಟ್ಟ ಚಾಲಕರು ಯಾವ ನಾಡಿನವರು? ಅಪಘಾತಗಳನ್ನೆಣಿಸಿದರೆ ಕೇರಳದವರೆನ್ನಬೇಕು, ಸಾವುಗಳನ್ನೆಣಿಸಿದರೆ ಉತ್ತರ ಪ್ರದೇಶದವರೆನ್ನಬೇಕು. ವಾಸ್ತವವಾಗಿ ಈ ಅಂಕಿಗಳು ಚಾಲಕರ ರಕ್ತದ ಗುಣವನ್ನು ಅಳೆಯುವುದಿಲ್ಲ. ಚಿಕ್ಕ ಅಪಘಾತಗಳನ್ನೂ ಪೋಲೀಸರು ದಾಖಲೆ ಮಾಡುವರೋ ಇಲ್ಲವೋ, ವಾಹನಗಳ ವೇಗವೆಷ್ಟು, ಗಾಯಗೊಂಡವನಿಗೆ ಆಸ್ಪತ್ರೆ ಎಷ್ಟು ಹತ್ತಿರ, ಊರಿನ ನಡುವೆ ಹಾಯುವ ರಸ್ತೆ ಹೆಚ್ಚೋ ಬಯಲಿನ ಹೆದ್ದಾರಿ ಹೆಚ್ಚೋ ಎಂಬುದನ್ನು ಅವು ಹೇಳುತ್ತವೆ. ನಮ್ಮ ನಾಡಿಗೂ ಅವುಗಳಲ್ಲಿ ಒಂದು ಪಾಠವಿದೆ: ಕೇರಳದಲ್ಲಿ ನೂರು ಅಪಘಾತಗಳಿಗೆ ಹತ್ತು ಜನ ಸಾಯುವಲ್ಲಿ ನಮ್ಮಲ್ಲಿ ಇಪ್ಪತ್ತೊಂಬತ್ತು ಜನ ಸಾಯುತ್ತಿದ್ದಾರೆ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ನೆರೆಯೆಲೆಯ ನೊಣವನ್ನು ಎಣಿಸುವುದು ನಮಗೆ ಶೋಭಿಸದು.

ಇನ್ನು ವಾಹನಗಳ ದಟ್ಟಣೆಯ ವಿಚಾರ. ಬೆಂಗಳೂರಿನ ದಟ್ಟಣೆಯೇ ಜನರನ್ನು ಕೆರಳಿಸಿ ಕೆಡಿಸುತ್ತದೆಯೆಂದು ಹಲವರು ಹೇಳುತ್ತಾರೆ. ಆಮೆಯ ನಡಿಗೆಯಲ್ಲಿ ಗಂಟೆಗಟ್ಟಲೆ ಸಾಗುವವನ ಮನಸ್ಸು ಕುದಿಯುವುದು ಸಹಜವೆಂದು ನಾವೂ ಒಪ್ಪುತ್ತೇವೆ. ಟಾಮ್‌ಟಾಮ್ ಎಂಬ ಡಚ್ ಸಂಸ್ಥೆಯವರು 2024ನೆಯ ವರ್ಷಕ್ಕಾಗಿ ಮಾಡಿದ ಲೆಕ್ಕದಲ್ಲಿ, ಹತ್ತು ಕಿಲೋಮೀಟರು ಸಾಗಲು ಕಲ್ಕತ್ತೆಯಲ್ಲಿ 34 ನಿಮಿಷ 33 ಸೆಕೆಂಡು, ಬೆಂಗಳೂರಿನಲ್ಲಿ 34 ನಿಮಿಷ 10 ಸೆಕೆಂಡು, ಪುಣೆಯಲ್ಲಿ 33 ನಿಮಿಷ 22 ಸೆಕೆಂಡು ಹಿಡಿಯಿತು. ಆದರೆ ಇವುಗಳ ಬೆನ್ನಿಗೇ ಇರುವ ಊರು ಯಾವುದು? ಲಂಡನ್, ಅಲ್ಲಿಯೂ 33 ನಿಮಿಷ 17 ಸೆಕೆಂಡು! ನಿಧಾನದಲ್ಲಿ ಲಂಡನ್ನಿಗೂ ಬೆಂಗಳೂರಿಗೂ ಒಂದು ನಿಮಿಷದ ಅಂತರವೂ ಇಲ್ಲ. ಸಾವಿನಲ್ಲಿಯಾದರೋ, ಸುಮಾರು ತೊಂಬತ್ತು ಲಕ್ಷ ಜನರಿರುವ ಲಂಡನ್ನಿನ ರಸ್ತೆಗಳಲ್ಲಿ ಈಚಿನ ವರ್ಷಗಳಲ್ಲಿ ನೂರರ ಆಸುಪಾಸಿನಲ್ಲಿ ಜನರು ಸತ್ತಿದ್ದರೆ, ಬೆಂಗಳೂರಿನಲ್ಲಿ 2022ರಲ್ಲಿ ಏಳುನೂರಕ್ಕೂ ಹೆಚ್ಚು ಜನರು ಸತ್ತರು. ನಮ್ಮಲ್ಲಿ ಜನಸಂಖ್ಯೆ ಹೆಚ್ಚು, ದ್ವಿಚಕ್ರದ ಸವಾರರು ಬಹಳ, ಎಂಬುದು ನಿಜ. ಆದರೂ ದಟ್ಟಣೆಯೊಂದೇ ಕೊಲ್ಲುವುದಾದರೆ ಲಂಡನ್ನಿನಲ್ಲಿಯೂ ಕೊಲ್ಲಬೇಕಾಗಿತ್ತು. ದಟ್ಟಣೆ ಮನಸ್ಸನ್ನು ಕೆಡಿಸಬಹುದು. ಪ್ರಾಣವನ್ನು ತೆಗೆಯುವುದು ವೇಗ ಮತ್ತು ಅಶಿಸ್ತು. 2022ರ ಸಾವುಗಳಲ್ಲಿ ನೂರಕ್ಕೆ 71ಕ್ಕೆ ಅತಿವೇಗವೇ ಕಾರಣವೆಂದು ಸರ್ಕಾರದ ವರದಿಯೇ ಹೇಳುತ್ತದೆ.

ಹಾಗಾದರೆ ಸೀಮೆಯ ಸ್ವಭಾವವೆಂಬುದು ಸುಳ್ಳೇ? ಅಷ್ಟು ದೂರ ನಾವು ಹೋಗಲಾರೆವು. ನ್ಯೂಯಾರ್ಕಿನ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಅಲ್ಲಿ ವಿಶ್ವಸಂಸ್ಥೆಗೆ ನಿಯುಕ್ತರಾದ ನಾನಾ ದೇಶಗಳ ರಾಜತಾಂತ್ರಿಕರು ನಿಷಿದ್ಧ ಸ್ಥಳಗಳಲ್ಲಿ ವಾಹನವನ್ನು ನಿಲ್ಲಿಸಿದರೂ ದಂಡವನ್ನು ತೆರಬೇಕೆಂಬ ಬಲವಂತವಿರಲಿಲ್ಲ. ರೇಮಂಡ್ ಫಿಸ್ಮನ್, ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. 1997ರಿಂದ 2002ರ ವರೆಗೆ ಹೀಗೆ ತೆರದೆ ಉಳಿದ ದಂಡದ ಚೀಟಿಗಳು ಒಂದೂವರೆ ಲಕ್ಷವನ್ನು ಮೀರಿದ್ದವು. ಸ್ವೀಡನ್, ನಾರ್ವೆ ದೇಶಗಳವರು ಬಲವಂತವಿಲ್ಲದಿದ್ದರೂ ನಿಯಮವನ್ನು ಪಾಲಿಸಿದರು. ಲಂಚಗುಳಿತನ ಹೆಚ್ಚೆಂದು ಹೆಸರಾದ ದೇಶಗಳವರು ಹೆಚ್ಚಾಗಿ ಮುರಿದರು. ಮನುಷ್ಯನು ತನ್ನ ನಾಡಿನ ಅಭ್ಯಾಸವನ್ನು ಹೊತ್ತುಕೊಂಡೇ ಪರದೇಶಕ್ಕೆ ಹೋಗುತ್ತಾನೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2002ರ ಅಕ್ಟೋಬರಿನಲ್ಲಿ, ದಂಡವನ್ನು ಬಾಕಿಯುಳಿಸಿಕೊಂಡವರ ರಾಜತಾಂತ್ರಿಕ ಫಲಕವನ್ನೇ ಕಿತ್ತುಕೊಳ್ಳುವ ಅಧಿಕಾರ ಆ ನಗರಕ್ಕೆ ದೊರೆಯಿತು. ಕೂಡಲೆ ಉಲ್ಲಂಘನೆಗಳು ನೂರಕ್ಕೆ ಸುಮಾರು 98ರಷ್ಟು ಇಳಿದುಹೋದವು. ನೂರಾರು ವರ್ಷಗಳ ಸಂಸ್ಕಾರವೆಂದು ತೋರಿದ್ದು ಕೆಲವೇ ದಿನಗಳಲ್ಲಿ ಬದಲಾಯಿತು. ಅಭ್ಯಾಸ ನಿಜ, ಆದರೆ ಅದು ಹಣೆಯ ಬರಹವಲ್ಲ.

ಒಳ್ಳೆಯ ಅಭ್ಯಾಸಕ್ಕಾಗಿ ಪರದೇಶದ ಕಡೆಗೇ ನೋಡಬೇಕಾಗಿಲ್ಲ. ಮಿಜೋರಾಮಿನ ಐಜಾಲ್ ನಗರಕ್ಕೆ ಹೋದವರೆಲ್ಲರೂ ಅಲ್ಲಿಯ ರಸ್ತೆಗಳ ಮೌನವನ್ನು ಕಂಡು ಬೆರಗಾಗಿ ಹಿಂದಿರುಗುತ್ತಾರೆ. ಬೆಟ್ಟದ ಮೈಯಲ್ಲಿ ಸುತ್ತುವ ಇಕ್ಕಟ್ಟಾದ ಹಾದಿಗಳು, ವಾಹನಗಳಿಗೂ ಕೊರತೆಯಿಲ್ಲ. ಆದರೂ ಕಾರುಗಳು ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತವೆ. ದ್ವಿಚಕ್ರಗಳು ತಮ್ಮ ಪಕ್ಕದ ಸಾಲನ್ನು ಬಿಡುವುದಿಲ್ಲ. ಎದುರಿನ ಪಾರ್ಶ್ವ ಬರಿದಾಗಿದ್ದರೂ ಯಾರೂ ಅದರೊಳಕ್ಕೆ ನುಗ್ಗುವುದಿಲ್ಲ. ಹಾರ್ನಿನ ಸದ್ದು ಕೇಳುವುದೇ ಅಪೂರ್ವ. ಅವರೂ ಭಾರತೀಯರೇ; ನಮ್ಮ ಕಾನೂನೇ ಅವರ ಕಾನೂನು. ರಸ್ತೆ ಅಗಲವಿಲ್ಲವೆಂಬ, ಭಾರತೀಯರ ಸ್ವಭಾವವೇ ಹೀಗೆಂಬ ನಮ್ಮ ಎರಡು ದೊಡ್ಡ ನೆವಗಳನ್ನೂ ಆ ಬೆಟ್ಟದೂರು ಮಾತಿಲ್ಲದೆ ಅಲ್ಲಗಳೆದಿದೆ.

ಮಿಕ್ಕೆಡೆಗಳಲ್ಲಿ ಅಭ್ಯಾಸ ಕೆಟ್ಟುದಕ್ಕೆ ಬೇರು ಎಲ್ಲಿದೆ? ಲೈಸೆನ್ಸು ಕೊಡುವ ಕಚೇರಿಯ ಬಾಗಿಲಲ್ಲಿಯೇ ಇದೆಯೆಂದು ನಾವು ನಂಬುತ್ತೇವೆ. ದೆಹಲಿಯಲ್ಲಿ ವಾಹನ ನಡೆಸುವ ಪರವಾನಗಿಯನ್ನು ಜನರು ಹೇಗೆ ಪಡೆಯುತ್ತಾರೆಂಬುದನ್ನು ಕುರಿತು ವಿದ್ವಾಂಸರು ನಡೆಸಿದ ಪರಿಶೋಧನೆಯೊಂದು 2007ರಲ್ಲಿ ಪ್ರಕಟವಾಯಿತು. ಅದರಲ್ಲಿ ಪರವಾನಗಿ ಪಡೆದವರ ಪೈಕಿ ನೂರಕ್ಕೆ ಸುಮಾರು 70 ಜನ ಪರೀಕ್ಷೆಗೇ ಕುಳಿತಿರಲಿಲ್ಲ. ಏಜೆಂಟರ ಮೂಲಕ ಕೆಲಸ ಮುಗಿದಿತ್ತು. ಬೇರೆಯಾಗಿ ಪರೀಕ್ಷಿಸಿ ನೋಡಿದಾಗ ನೂರಕ್ಕೆ 60ಕ್ಕೂ ಹೆಚ್ಚು ಜನ ವಾಹನ ನಡೆಸಲು ಅನರ್ಹರೆಂದು ತಿಳಿದುಬಂದಿತು. ನಮ್ಮ ಊರುಗಳ ಸ್ಥಿತಿ ಏನೆಂಬುದನ್ನು ವಾಚಕರು ತಮ್ಮ ಅನುಭವವನ್ನೇ ಕೇಳಿಕೊಳ್ಳಲಿ. ಈಜು ಬಾರದವನ ಕೈಗೆ ಹಣ ಪಡೆದು ದೋಣಿಯ ಹುಟ್ಟನ್ನು ಕೊಟ್ಟವರು, ದೋಣಿ ಮುಳುಗಿದಾಗ ಅವನ ಊರು ಯಾವುದೆಂದು ವಿಚಾರಿಸುವುದು ಎಂಥ ನ್ಯಾಯ?

ಕಟ್ಟುಪಾಡು ದೃಢವಾಗಿದ್ದರೆ ನಮ್ಮ ಜನರೂ ತಿದ್ದಿಕೊಳ್ಳುತ್ತಾರೆಂಬುದಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿಯೇ ಸಾಕ್ಷಿ. 2023ರ ಮಾರ್ಚಿಯಲ್ಲಿ ಆ ರಸ್ತೆಯ ಉದ್ಘಾಟನೆಯಾಯಿತು. ಮೇ, ಜೂನ್ ತಿಂಗಳುಗಳಲ್ಲಿ ಒಂದೊಂದು ತಿಂಗಳಿಗೂ ಇಪ್ಪತ್ತೈದಕ್ಕೂ ಹೆಚ್ಚು ಜನರು ಅಲ್ಲಿ ಪ್ರಾಣ ಕಳೆದುಕೊಂಡರು. ಆಗ ಪೋಲೀಸು ಅಧಿಕಾರಿಗಳು ಎಚ್ಚೆತ್ತು, ಗಂಟೆಗೆ 100 ಕಿಲೋಮೀಟರಿನ ಮಿತಿಯನ್ನು ಯಂತ್ರಗಳಿಂದ ಅಳೆದು ದಂಡ ವಿಧಿಸತೊಡಗಿದರು. ಜುಲೈ ತಿಂಗಳಿನಲ್ಲಿ ಸಾವುಗಳು ಹತ್ತಕ್ಕಿಂತ ಕಡಿಮೆಯಾದವು. ಆಗಸ್ಟ್ 1ರಿಂದ ದ್ವಿಚಕ್ರ, ಆಟೋರಿಕ್ಷಾ, ಟ್ರಾಕ್ಟರುಗಳನ್ನು ಮುಖ್ಯ ಪಥದಿಂದ ದೂರವಿರಿಸಲಾಯಿತು. ಮುಂದಿನ ವರ್ಷವೂ ಸಾವುಗಳು ಬಹಳ ಕಡಿಮೆಯಾಗಿಯೇ ಉಳಿದವು. ಜೂನಿನಲ್ಲಿದ್ದ ರಸ್ತೆಯೇ ಜುಲೈಯಲ್ಲಿಯೂ ಇತ್ತು. ಫಲಕಗಳ ಮೇಲಿನ ಅಕ್ಷರಗಳೂ ಬದಲಾಗಿರಲಿಲ್ಲ. ಬದಲಾದುದು, ತಪ್ಪು ಮಾಡಿದರೆ ಸಿಕ್ಕಿಬೀಳುವೆನೆಂಬ ಅರಿವೊಂದೇ.

ಹೀಗಿರುವಲ್ಲಿ ನಮ್ಮ ಸರ್ಕಾರದ ನಡತೆಯನ್ನು ಕುರಿತು ನಾಲ್ಕು ಮಾತು ಹೇಳದೆ ಇರಲಾರೆವು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ಹೊಸ ಶಾಸನ ಜಾರಿಗೆ ಬಂದು ದಂಡಗಳು ಹೆಚ್ಚಿದಾಗ, ಅದೇ ತಿಂಗಳಿನಲ್ಲಿ ಕರ್ನಾಟಕ ಸರ್ಕಾರ ಅನೇಕ ದಂಡಗಳನ್ನು ಇಳಿಸಿತು; ಹೆಲ್ಮೆಟ್ಟಿಲ್ಲದ ಸವಾರಿಗೆ ವಿಧಿಸಿದ್ದ 1,000 ರೂಪಾಯಿ 500 ಆಯಿತು. 2023ರ ಫೆಬ್ರುವರಿಯಲ್ಲಿ, ಮತ್ತೆ 2025ರಲ್ಲಿ, ಬಾಕಿಯಿದ್ದ ದಂಡಗಳಿಗೆ ನೂರಕ್ಕೆ ಐವತ್ತರ ರಿಯಾಯಿತಿ ಸಾರಲಾಯಿತು. ಬೊಕ್ಕಸಕ್ಕೆ ಹಣ ಬಂದಿತು, ನಿಜ. ಆದರೆ ದಂಡವನ್ನು ಕೂಡಲೆ ತೆತ್ತ ಪ್ರಾಮಾಣಿಕನು ಪೂರ್ಣ ತೆತ್ತನು. ವರ್ಷಗಟ್ಟಲೆ ಅಲಕ್ಷ್ಯ ಮಾಡಿದವನು ಅರ್ಧ ತೆತ್ತನು. ಹಬ್ಬದ ಜವಳಿಯಂತೆ ದಂಡವನ್ನೂ ರಿಯಾಯಿತಿಯಲ್ಲಿ ಮಾರುವ ಸರ್ಕಾರ ಜನರಿಗೆ ಯಾವ ಪಾಠವನ್ನು ಕಲಿಸುತ್ತದೆ? 2022ರಲ್ಲಿ ದೇಶದಾದ್ಯಂತ ಹೆಲ್ಮೆಟ್ಟಿಲ್ಲದೆ ಸತ್ತವರು 50,029 ಮಂದಿ. ಈ ಸಂಖ್ಯೆಯ ಮುಂದೆ ಐನೂರು ರೂಪಾಯಿಯ ದಯೆ ದಯೆಯಲ್ಲ.

ಮಾಡಬೇಕಾದುದು ಬಹಳವೇನೂ ಇಲ್ಲ. ಏಜೆಂಟರ ಕೈವಾಡಕ್ಕೆ ಎಡೆಯಿಲ್ಲದಂತೆ ಯಂತ್ರವೇ ಅಂಕ ಹಾಕುವ ಪರೀಕ್ಷಾಪಥಗಳು ಪ್ರತಿಯೊಂದು ಜಿಲ್ಲೆಗೂ ಬರಬೇಕು. ದಂಡ ಚಿಕ್ಕದಾಗಿದ್ದರೂ ಚಿಂತೆಯಿಲ್ಲ, ಅದು ತಪ್ಪದೆ ಬೀಳಬೇಕು. ಸಚಿವರ ವಾಹನವಾಗಲಿ, ಸರ್ಕಾರದ ಬಸ್ಸಾಗಲಿ, ಪೋಲೀಸರ ಜೀಪಾಗಲಿ ಅದಕ್ಕೆ ಹೊರತಾಗಬಾರದು. ಅಂಗಡಿಗಳೂ ವಾಹನಗಳೂ ಆಕ್ರಮಿಸಿರುವ ಪಾದಚಾರಿ ಮಾರ್ಗವನ್ನು ನಡೆಯುವವನಿಗೆ ಹಿಂದಿರುಗಿಸಬೇಕು. ಗಾಯಗೊಂಡವನನ್ನು ಶೀಘ್ರವಾಗಿ ಆಸ್ಪತ್ರೆಗೆ ಮುಟ್ಟಿಸುವ ಏರ್ಪಾಡು ತಾಲ್ಲೂಕಿನ ಮಟ್ಟದಲ್ಲಿ ಇರಬೇಕು.

ಮಹಾಜನರಿಗೂ ನಮ್ಮ ವಿಜ್ಞಾಪನೆ ಒಂದಿದೆ. ನಾಡಿನ ಅಭಿಮಾನ ನಮಗೆ ಪ್ರಿಯವಾದುದು. ಅದಕ್ಕಾಗಿ ಈ ಪುಟದಲ್ಲಿ ನಾವು ಸದಾ ಬರೆಯುತ್ತಲೇ ಬಂದಿದ್ದೇವೆ. ಆದರೆ ನೆರೆನಾಡಿನ ಫಲಕವನ್ನು ಕಂಡು ಹಲ್ಲು ಕಡಿಯುವುದು ಅಭಿಮಾನವಲ್ಲ. ನಮ್ಮ ಅಕ್ಷರಗಳನ್ನು ಹೊತ್ತ ವಾಹನವು ಪುಣೆಯಲ್ಲಾಗಲಿ, ಕೊಚ್ಚಿಯಲ್ಲಾಗಲಿ, ಹೈದರಾಬಾದಿನಲ್ಲಾಗಲಿ ಕೆಂಪು ದೀಪಕ್ಕೆ ನಿಂತು, ರಸ್ತೆ ದಾಟುವ ಮುದುಕಿಗೆ ಹಾದಿ ಬಿಟ್ಟು, ಅಲ್ಲಿಯವರಿಂದ "ಇವರು ಕರ್ನಾಟಕದವರು" ಎಂಬ ಮಾತನ್ನು ಹೊಗಳಿಕೆಯಾಗಿ ಪಡೆದುಕೊಂಡು ಬರುವುದೇ ಅಭಿಮಾನ. ಆ ದಿನ ಬರಬೇಕಾದರೆ ಅದರ ಅಭ್ಯಾಸ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ, ಪೋಲೀಸರಿಲ್ಲದ ಹೊತ್ತಿನಲ್ಲಿ ಪ್ರಾರಂಭವಾಗಬೇಕು. ಇಂದು ಮನೆಯಿಂದ ಹೊರಟು ರಾತ್ರಿ ಮರಳದೆ ಉಳಿಯುವ ನಾನೂರರುವತ್ತು ಮಂದಿಯ ಮನೆಗಳಲ್ಲಿ, ಹಾದವನು ಯಾವ ಸೀಮೆಯವನೆಂದು ಯಾರೂ ಕೇಳುವುದಿಲ್ಲ. ಅವನೇಕೆ ನಿಲ್ಲಲಿಲ್ಲವೆಂದು ಮಾತ್ರ ಕೇಳುತ್ತಾರೆ. ಆ ಪ್ರಶ್ನೆಗೆ ಸರ್ಕಾರವೂ ಜನರೂ ಕೂಡಿಯೇ ಉತ್ತರ ಕೊಡಬೇಕಾಗಿದೆ.