ಸಾಲಕ್ಕೆ ಸಾಲವೆಂದೇ ಹೆಸರಿರಲಿ

2018ರ ಜನವರಿಯಲ್ಲಿ ಬ್ರಿಟನ್ನಿನ ಬೃಹತ್ ನಿರ್ಮಾಣ ಸಂಸ್ಥೆ ಕೆರಿಲಿಯನ್ ದಿವಾಳಿಯಾಯಿತು. ಅದರ ಹೊಣೆಗಾರಿಕೆ ಸುಮಾರು 700 ಕೋಟಿ ಪೌಂಡ್. ಕೈಯಲ್ಲಿ ಉಳಿದಿದ್ದ ನಗದು ಕೇವಲ 2.9 ಕೋಟಿ. ಸುಮಾರು 30,000 ಪೂರೈಕೆದಾರರು ಮತ್ತು ಉಪಗುತ್ತಿಗೆದಾರರ ಹಣ ಸಿಕ್ಕಿಬಿದ್ದಿತು. ದೂರದ ಆ ಪತನಕ್ಕೂ ನಮ್ಮ ಪಟ್ಟಣಗಳಲ್ಲಿ ಸಿದ್ಧ ಉಡುಪು, ಬಿಡಿಭಾಗ ತಯಾರಿಸಿ ದೊಡ್ಡ ಕಂಪೆನಿಗಳಿಗೆ ಒದಗಿಸುವವರಿಗೂ ಏನು ಸಂಬಂಧ? ಸಂಬಂಧವಿರುವುದು ಆ ಸಂಸ್ಥೆ ಲೆಕ್ಕ ಬರೆದ ರೀತಿಯಲ್ಲಿ.

ಕೆರಿಲಿಯನ್ ಪಾವತಿಗೆ 120 ದಿನಗಳ ಅವಧಿ ಗೊತ್ತುಮಾಡಿತ್ತು. ಅಷ್ಟು ಕಾಯಲಾಗದವರಿಗೆ ಬ್ಯಾಂಕು ಬಿಲ್ಲಿನಲ್ಲಿ ಒಂದಂಶ ಮುರಿದುಕೊಂಡು ಮೊದಲೇ ಹಣ ಕೊಡುತ್ತಿತ್ತು. ಕಂಪೆನಿ ಆ ಮೊತ್ತವನ್ನು ಅನಂತರ ಬ್ಯಾಂಕಿಗೆ ಸಲ್ಲಿಸಬೇಕಿತ್ತು. ಮೇಲ್ನೋಟಕ್ಕೆ ಇದು ಎಲ್ಲರಿಗೂ ಅನುಕೂಲ. ಆದರೆ ಪೂರೈಕೆದಾರನಿಗೆ ಹಣ ಸಂದ ಬಳಿಕ ಕಂಪೆನಿ ಋಣಿಯಾಗಿರುವುದು ಯಾರಿಗೆ? ನಿಸ್ಸಂಶಯವಾಗಿ ಬ್ಯಾಂಕಿಗೆ. ಆದರೂ ಅದನ್ನು ಬ್ಯಾಂಕ್ ಸಾಲವೆಂದು ತೋರಿಸದೆ ಇತರ ಬಾಕಿಗಳೊಂದಿಗೆ ಸೇರಿಸಲಾಗಿತ್ತು. ಹೀಗೆ ಮರೆಯಾದ ಮೊತ್ತ 49.8 ಕೋಟಿ ಪೌಂಡ್‌ವರೆಗೆ ಇದ್ದಿರಬಹುದೆಂದು ಮೂಡೀಸ್ ಸಂಸ್ಥೆ ಅಂದಾಜಿಸಿತು.

ಅಂತಾರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಮಂಡಳಿ 2023ರಲ್ಲಿ ಎಚ್ಚೆತ್ತಿತು. ಇಂತಹ ಏರ್ಪಾಡಿನ ಷರತ್ತುಗಳನ್ನೂ ಮೊತ್ತವನ್ನೂ ಪೂರೈಕೆದಾರರಿಗೆ ಈಗಾಗಲೇ ಸಂದಿರುವುದೆಷ್ಟು ಎಂಬುದನ್ನೂ ಬಹಿರಂಗಪಡಿಸಬೇಕೆಂಬ ನಿಯಮ 2024ರ ಜನವರಿ 1ರಿಂದ ಜಾರಿಗೆ ಬಂತು. ಇದು ಸ್ವಾಗತಾರ್ಹ. ಆದರೆ ಅದನ್ನು ಸಾಲವೆನ್ನಬೇಕೋ ವ್ಯಾಪಾರದ ಬಾಕಿಯೆನ್ನಬೇಕೋ ಎಂಬ ಮೂಲ ಪ್ರಶ್ನೆಯನ್ನು ಈ ತಿದ್ದುಪಡಿ ಬಗೆಹರಿಸಲಿಲ್ಲ.

ನಮ್ಮ ದೇಶದಲ್ಲಿ ತೆರಿಗೆಯ ಮಗ್ಗುಲೂ ಇದೆ. 2006ರ ಕಾಯ್ದೆಯಂತೆ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಪಾವತಿಯಾಗಬೇಕು. ಈ ಅವಧಿ ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರೀದಿದಾರನು ವೆಚ್ಚವೆಂದು ಕಳೆಯಬಹುದೆಂದು 2023ರ ಹಣಕಾಸು ಕಾಯ್ದೆ ವಿಧಿಸಿತು. ಇನ್ನೊಂದೆಡೆ, ಬಿಲ್ಲುಗಳನ್ನು ಬ್ಯಾಂಕುಗಳಿಗೆ ಮಾರಿ ಬೇಗನೆ ಹಣ ಪಡೆಯಲು ರಿಸರ್ವ್ ಬ್ಯಾಂಕ್ ಟ್ರೆಡ್ಸ್ ವ್ಯವಸ್ಥೆಯನ್ನು ರೂಪಿಸಿದೆ. ಪ್ರಶ್ನೆಯೇನೆಂದರೆ, ಬ್ಯಾಂಕು ಮುರಿದುಕೊಳ್ಳುವ ಹಣ ಯಾರ ಜೇಬಿನಿಂದ ಹೋಗಬೇಕು? ಕಾಲಾವಕಾಶದ ಲಾಭ ಖರೀದಿದಾರನದ್ದು. ಅದರ ಬೆಲೆಯನ್ನು ದುಡಿದವನು ತೆರುವುದು ನ್ಯಾಯವಲ್ಲ. ನೂರು ರೂಪಾಯಿಯ ಸರಕಿಗೆ ತೊಂಬತ್ತೇಳು ಕೈಸೇರಿದರೆ ಅದು ಸಕಾಲಿಕ ಪಾವತಿಯಾದೀತೇ ಹೊರತು ಪೂರ್ಣ ಪಾವತಿಯಾಗದು.

ಆದ್ದರಿಂದ ನಮ್ಮ ಉದ್ಯಮಿ ಸಹೋದರ ಸಹೋದರಿಯರು ಉದ್ಯಮ್ ನೋಂದಣಿ ಮಾಡಿಸಿಕೊಳ್ಳಲಿ, ಒಪ್ಪಂದವನ್ನು ಬರವಣಿಗೆಯಲ್ಲೇ ಮಾಡಿಕೊಳ್ಳಲಿ, ಕಡಿತದ ಹೊರೆ ಯಾರದೆಂದು ಮೊದಲೇ ಕೇಳಲಿ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯಬದ್ಧವಾಗಿ ಬರೆಯಬೇಕು ಎಂಬುದು ಪವಿತ್ರ ಕುರ್‌ಆನಿನ ಆದೇಶ. ಅದು ಬೀದಿಯ ಅಂಗಡಿಯ ಖಾತೆ ಪುಸ್ತಕಕ್ಕೆ ಎಷ್ಟು ಅನ್ವಯವೋ ಬೃಹತ್ ಕಂಪೆನಿಯ ಆಸ್ತಿ-ಹೊಣೆ ಪಟ್ಟಿಗೂ ಅಷ್ಟೇ ಅನ್ವಯ. ಸಾಲದ ಹೆಸರನ್ನು ಮರೆಮಾಚಿದವರು ಒಂದು ದಿನ ಮುಳುಗುತ್ತಾರೆ. ದುರಂತವೆಂದರೆ, ಅವರನ್ನು ನಂಬಿದ ಬಡವರನ್ನೂ ಜೊತೆಗೆ ಮುಳುಗಿಸುತ್ತಾರೆ.