ಪೋಡಿನ ಹಾಡು ಮತ್ತು ನೆಲದ ಸಾಕ್ಷ್ಯ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕುರಿತ ನಮ್ಮ ಜಾನಪದ ಅಧ್ಯಯನಗಳು ಬಹುಮಟ್ಟಿಗೆ ಹಾಡು, ಕಥೆ, ಕುಣಿತಗಳ ಸಂಗ್ರಹದಲ್ಲಿಯೇ ನೆಲೆಗೊಂಡಿವೆ. ಈ ಸಂಗ್ರಹಗಳ ಮಹತ್ವವನ್ನು ಅಲ್ಲಗಳೆಯಲಾಗದು. ಆದರೆ ಹಾಡನ್ನು ಪುಟಕ್ಕಿಳಿಸಿದೊಡನೆ ಸಂಶೋಧಕನ ಹೊಣೆ ಮುಗಿಯಿತೆಂಬ ಧೋರಣೆಯನ್ನು ಮರುಪರಿಶೀಲಿಸಬೇಕಾಗಿದೆ.

ಸೋಲಿಗರ ಕುಲಗಳಿಗೆ ಕಾಡಿನಲ್ಲಿ ತಮ್ಮವೇ ಆದ ‘ಎಲ್ಲೆ’ಗಳಿವೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳಿವೆ. ಭಾರ್ಗವಿ ಹೊಳೆಯ ದಂಡೆಯ ದೊಡ್ಡಸಂಪಿಗೆ ಮರ ಅವರಿಗೆ ಆರಾಧ್ಯ. ಕುಸುಮಾಲೆಯನ್ನು ವರಿಸಿದ ರಂಗನಾಥ ಅವರಿಗೆ ಭಾವ. ದೇವರೇ ನಂಟನಾಗುವ ಈ ಲೋಕದಲ್ಲಿ ಕಥೆಯನ್ನು ತಾಣದಿಂದ ಬೇರ್ಪಡಿಸಿದರೆ ಉಳಿಯುವುದು ಪದಗಳಷ್ಟೆ.

1974ರಲ್ಲಿ ಈ ಪ್ರದೇಶ ವನ್ಯಜೀವಿಧಾಮವಾದ ಬಳಿಕ ಸೋಲಿಗರು ಒಳಗಾಡಿನ ಹಲವು ನೆಲೆಗಳನ್ನು ಬಿಟ್ಟು ಇಂದಿನ ಪೋಡುಗಳಿಗೆ ಬರಬೇಕಾಯಿತು. ಬೇಸಿಗೆಯ ಆರಂಭದಲ್ಲಿ ಒಣಗಿದ ಎಲೆಗಳಿಗೆ ಹಚ್ಚುತ್ತಿದ್ದ ‘ತರಗು ಬೆಂಕಿ’ಯೂ ನಿಂತಿತು. ಲಂಟಾನ ಹಬ್ಬಿದುದಕ್ಕೂ ನೆಲ್ಲಿಮರಗಳಲ್ಲಿ ಬಂದಳಿಕೆ ಹೆಚ್ಚಿದುದಕ್ಕೂ ಬೆಂಕಿ ನಿಂತುದೇ ಕಾರಣವೆಂಬುದು ಹಿರಿಯ ಸೋಲಿಗರ ವಿವರಣೆ. ಪರಿಸರ ವಿಜ್ಞಾನಿಗಳು ಇದನ್ನು ಜ್ಞಾನವೆಂದು ಪರಿಗಣಿಸಿ ಚರ್ಚಿಸಿದ್ದಾರೆ. ಇಂಥ ತಿಳಿವಳಿಕೆಯನ್ನು ನಾವಿನ್ನೂ ‘ನಂಬಿಕೆಗಳು’ ಎಂಬ ಅಧ್ಯಾಯದಲ್ಲಿಡುವುದು ಎಷ್ಟು ಸರಿ?

ಪ್ರಶ್ನೆ ಕೇವಲ ಶೈಕ್ಷಣಿಕವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಪವಿತ್ರ ತಾಣಗಳನ್ನು, ಸಮಾಧಿಗಳನ್ನು, ಬರೆದುಕೊಂಡ ಹಿರಿಯರ ಹೇಳಿಕೆಗಳನ್ನು ಸಾಕ್ಷ್ಯವೆಂದು ಒಪ್ಪುತ್ತವೆ. 2011ರಲ್ಲಿ ಈ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳೂ ದೊರೆತವು. ಸೋಲಿಗರು ಸಂಶೋಧಕರೊಡಗೂಡಿ ತಮ್ಮ ತಾಣಗಳ ನಕ್ಷೆಯನ್ನೂ ಸಿದ್ಧಪಡಿಸಿದ್ದಾರೆ. ಇಂಥ ಕೆಲಸದಲ್ಲಿ ಕನ್ನಡ ವಿಭಾಗಗಳ ಪಾಲೇನು? ಹಾಡಿದವರ ಕುಲ, ಹಾಡಿನಲ್ಲಿ ಬರುವ ಹಳ್ಳ, ಕಲ್ಲು, ಮರಗಳ ಹೆಸರು ಮತ್ತು ನೆಲೆ ಇಲ್ಲದ ಸಂಗ್ರಹ ಸಾಹಿತ್ಯವಾದೀತು, ಸಾಕ್ಷ್ಯವಾಗದು.

ಸಂಶೋಧಕ ವಕೀಲನಾಗಬೇಕೆ ಎಂಬ ಆಕ್ಷೇಪ ಸಹಜ. ಇಲ್ಲಿ ಕೇಳುತ್ತಿರುವುದು ವಕಾಲತ್ತನ್ನಲ್ಲ, ಕ್ಷೇತ್ರಕಾರ್ಯದ ನಿಖರತೆಯನ್ನು. ತಾಣಗಳ ವಿವರವನ್ನು ಪ್ರಕಟಿಸಬೇಕೆ ಬೇಡವೆ ಎಂಬುದನ್ನು ಪೋಡಿನವರೇ ತೀರ್ಮಾನಿಸಲಿ. ಆದರೆ ಧ್ವನಿಮುದ್ರಿಕೆಯ ಮತ್ತು ಟಿಪ್ಪಣಿಯ ಒಂದೊಂದು ಪ್ರತಿ ಅವರ ಗ್ರಾಮಸಭೆಗೆ ಸಲ್ಲುವುದನ್ನು ಪಿಎಚ್.ಡಿ. ಅಧ್ಯಯನದ ನಿಯಮವಾಗಿಯೇ ವಿಭಾಗಗಳು ಅಳವಡಿಸಿಕೊಳ್ಳಬೇಕು. ಪದವಿ ನಮ್ಮದಾಗಿ, ಹಾಡಿದವರಿಗೆ ಅವರ ಹಾಡೂ ಮರಳದಿದ್ದರೆ ಅದನ್ನು ಅಧ್ಯಯನವೆನ್ನುವುದು ಕಷ್ಟ.